ಮಣೆಯಾಟದ ರುಚಿ

ಚದುರಂಗವಾಡುವವನು ಬುದ್ಧಿವಂತ, ಚೌಕಾಬಾರವಾಡುವವಳು ಹೊತ್ತು ಕಳೆಯುವವಳು ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಮಟ್ಟಿಗೆ ನೆಲೆಯೂರಿದೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಪ್ರಸಂಗವೂ ಬರುವುದಿಲ್ಲ. ಮನೆಗೆ ಬಂದ ನೆಂಟರ ಮುಂದೆ ಮಗನ ಚದುರಂಗದ ಹಲಗೆಯನ್ನು ಅಭಿಮಾನದಿಂದ ತಂದಿಡುವ ತಂದೆ, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆಗಳನ್ನು ಅದೇ ನೆಂಟರು ಬರುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿಹಾಕಿಸುತ್ತಾನೆ. ಎರಡೂ ಆಟವೇ. ಒಂದು ಪ್ರದರ್ಶನಕ್ಕೆ ಯೋಗ್ಯ, ಇನ್ನೊಂದು ಬಚ್ಚಿಡಲು ಯೋಗ್ಯ ಎಂದು ತೀರ್ಮಾನಿಸಿದವರು ಯಾರು, ಯಾವ ಆಧಾರದ ಮೇಲೆ, ಎಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ.

ಆಟಗಳಲ್ಲಿ ಮೇಲು ಕೀಳು ಎಣಿಸುವ ಅಭ್ಯಾಸ ಹೊಸದಲ್ಲ. ನಮ್ಮದು ಮಾತ್ರವೂ ಅಲ್ಲ. ಆದರೆ ಅದರಿಂದ ಒಂದು ನಷ್ಟವಾಗಿದೆ. ಯಾರಿಗೆ ಯಾವ ಆಟ ಏಕೆ ಹಿಡಿಸುತ್ತದೆ ಎಂಬ ಪ್ರಶ್ನೆಯನ್ನೇ ನಾವು ಕೇಳದೆ ಬಿಟ್ಟಿದ್ದೇವೆ. ಪುಸ್ತಕದ ವಿಷಯದಲ್ಲಾದರೆ ಕೇಳುತ್ತೇವೆ. ಒಬ್ಬನಿಗೆ ಕಾದಂಬರಿ ಪ್ರಿಯ, ಇನ್ನೊಬ್ಬನಿಗೆ ಭಾವಗೀತೆ ಪ್ರಿಯ ಎಂದಾಗ ಇಬ್ಬರ ಮನೋಧರ್ಮವನ್ನು ವಿಚಾರಿಸುತ್ತೇವೆಯೇ ಹೊರತು, ಮೊದಲನೆಯವನಿಗೆ ತಲೆಯಿದೆ, ಎರಡನೆಯವನಿಗೆ ಇಲ್ಲ ಎಂದು ತೀರ್ಪು ಕೊಡುವುದಿಲ್ಲ. ಊಟದ ವಿಷಯದಲ್ಲಂತೂ ಒಂದೇ ಮನೆಯ ಐವರಿಗೆ ಐದು ಬಗೆಯ ರುಚಿಯಿರುವುದನ್ನು ಗೃಹಿಣಿಯರು ದಿನವೂ ಕಂಡು ಸಹಿಸಿಕೊಂಡಿದ್ದಾರೆ. ಆಟಕ್ಕೆ ಮಾತ್ರ ಈ ಮರ್ಯಾದೆ ದೊರೆತಿಲ್ಲ. ‘ನನಗೆ ಆಟಗಳೆಂದರೆ ಆಗುವುದಿಲ್ಲ’ ಎಂದು ಹೇಳುವ ಅನೇಕರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ತಮಗೆ ಒಗ್ಗದ ಒಂದು ಆಟವನ್ನು ಯಾರದೋ ಒತ್ತಾಯಕ್ಕೆ ಆಡಿ, ಅದರ ಕಹಿಯನ್ನು ಎಲ್ಲ ಆಟಗಳಿಗೂ ಹಚ್ಚಿಕೊಂಡವರು.

ಈ ರುಚಿಯ ಮೂಲವೆಲ್ಲಿ ಎಂಬ ಬಗ್ಗೆ ನನ್ನದೊಂದು ಅಭಿಪ್ರಾಯವುಂಟು. ಒಬ್ಬ ವ್ಯಕ್ತಿ ಯಾವ ಆಟವನ್ನು ಮೆಚ್ಚುತ್ತಾನೆ ಎಂಬುದು ಅವನು ಹೇಗೆ ಗೆಲ್ಲಬಯಸುತ್ತಾನೆ ಎಂಬುದಕ್ಕಿಂತ ಹೇಗೆ ಸೋಲಲು ಒಪ್ಪುತ್ತಾನೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ. ಇದು ವಿಚಿತ್ರವಾಗಿ ತೋರಬಹುದು. ಆಡುವವರೆಲ್ಲ ಗೆಲ್ಲುವುದಕ್ಕಾಗಿಯೇ ಆಡುತ್ತಾರಲ್ಲ ಎಂದು ಓದುಗರು ಕೇಳಬಹುದು. ನಿಜ. ಆದರೆ ಲೆಕ್ಕ ಹಾಕಿ ನೋಡಿ. ನಾಲ್ವರು ಕುಳಿತು ಆಡುವ ಆಟದಲ್ಲಿ ಪ್ರತಿ ಬಾರಿಯೂ ಮೂವರು ಸೋಲುತ್ತಾರೆ. ಸರಿಸಮಾನರಾದ ನಾಲ್ವರು ವರ್ಷವಿಡೀ ಆಡಿದರೆ ಪ್ರತಿಯೊಬ್ಬನೂ ನಾಲ್ಕರಲ್ಲಿ ಮೂರು ಪಾಲು ಸೋತೇ ಇರುತ್ತಾನೆ. ಹೀಗಿದ್ದರೂ ಮರುದಿನ ಸಂಜೆ ಮತ್ತೆ ಬಂದು ಕುಳಿತುಕೊಳ್ಳುತ್ತಾನೆಂದರೆ ಆ ಆಟದ ಸೋಲು ಅವನಿಗೆ ನುಂಗಲು ಸಾಧ್ಯವಾದ ಸೋಲಾಗಿರಬೇಕು. ಗೆಲುವಿನ ಸಂತೋಷದಲ್ಲಿ ಆಟ ಆಟಕ್ಕೂ ಹೆಚ್ಚಿನ ಭೇದ ಕಾಣದು. ಸೋಲಿನ ಸ್ವಭಾವದಲ್ಲಿ ಭೇದ ಬಹಳವುಂಟು.

ಚದುರಂಗದ ಸೋಲನ್ನೇ ತೆಗೆದುಕೊಳ್ಳೋಣ. ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಇಬ್ಬರ ಮುಂದೆಯೂ ಹದಿನಾರು ಹದಿನಾರು ಕಾಯಿಗಳು. ಎದುರಾಳಿಗೆ ಕಾಣುವುದೆಲ್ಲ ನನಗೂ ಕಾಣುತ್ತದೆ. ದಾಳವಿಲ್ಲ, ಎಲೆಗಳನ್ನು ಕಲಸಿ ಹಂಚುವವರಿಲ್ಲ. ಸೋತರೆ ತಪ್ಪನ್ನು ಹೊರಿಸುವುದಕ್ಕೆ ಜಗತ್ತಿನಲ್ಲಿ ಇನ್ನೊಂದು ಹೆಗಲು ದೊರೆಯುವುದಿಲ್ಲ. ಈ ನಿಷ್ಠುರತೆಯೇ ಕೆಲವರಿಗೆ ಪ್ರಿಯ. ‘ನಾನೇ ಸೋತೆ, ಆದ್ದರಿಂದ ಇನ್ನೊಮ್ಮೆ ನಾನೇ ಗೆಲ್ಲಬಲ್ಲೆ’ ಎಂಬುದು ಅವರ ಸಮಾಧಾನ. ಇನ್ನು ಕೆಲವರಿಗೆ ಅದೇ ನಿಷ್ಠುರತೆ ಎದೆಯ ಮೇಲಿನ ಕಲ್ಲು. ಅವರು ದಡ್ಡರಲ್ಲ, ಹೇಡಿಗಳೂ ಅಲ್ಲ. ದಿನವಿಡೀ ಕಚೇರಿಯಲ್ಲಿಯೋ ನ್ಯಾಯಾಲಯದಲ್ಲಿಯೋ ತರಗತಿಯಲ್ಲಿಯೋ ತಮ್ಮ ಪ್ರತಿಯೊಂದು ಮಾತಿಗೂ ಜವಾಬು ಹೇಳಿ ಬಂದವರು, ಸಂಜೆಯ ಒಂದು ಗಂಟೆಯಾದರೂ ಆ ಹೊಣೆಯಿಂದ ಬಿಡುಗಡೆ ಬಯಸಿದರೆ ಅದರಲ್ಲಿ ಅಸಹಜವಾದುದೇನು?

ಆ ಬಿಡುಗಡೆಯನ್ನು ಚೌಕಾಬಾರ ಎಷ್ಟು ಜಾಣತನದಿಂದ ಒದಗಿಸುತ್ತದೆ ಎಂಬುದನ್ನು ಗಮನಿಸಬೇಕು. ಐದು ಸಾಲು, ಸಾಲಿಗೆ ಐದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಯೂ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಗರ ಹಾಕುವ ಅವಕಾಶ. ಬಿದ್ದ ಗರವನ್ನು ಬದಲಾಯಿಸುವ ಶಕ್ತಿ ಯಾರಿಗೂ ಇಲ್ಲ. ಆದರೆ ಆ ಗರವನ್ನು ಯಾವ ಕಾಯಿಗೆ ನಡೆಸಬೇಕೆಂಬುದು ಆಡುವವರ ವಿವೇಕಕ್ಕೆ ಬಿಟ್ಟದ್ದು. ಹಿಂದಿರುವ ಕಾಯಿಯನ್ನು ಕಟ್ಟೆಗೆ ಸೇರಿಸಿ ಉಳಿಸಿಕೊಳ್ಳಬೇಕೆ, ಮುಂದಿರುವುದನ್ನು ಧೈರ್ಯವಾಗಿ ನೂಕಬೇಕೆ, ಎದುರಿನವರ ಕಾಯಿಯನ್ನು ಕಡಿಯಬೇಕೆ ಎಂಬ ವಿಚಾರ ಪ್ರತಿ ಸರದಿಯಲ್ಲಿಯೂ ಏಳುತ್ತದೆ. ಮೇಲಾಗಿ, ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಅನೇಕ ಮನೆಗಳಲ್ಲಿ ಉಂಟು. ಎಂತಹ ಸಾಧುವಾದರೂ ಒಮ್ಮೆ ಕತ್ತಿ ಹಿಡಿಯಲೇಬೇಕು. ಹೀಗೆ ಬುದ್ಧಿಗೂ ದೈವಕ್ಕೂ ಪಾಲು ಹಂಚಿರುವುದರಿಂದ ಗೆದ್ದವರು ತಮ್ಮ ಬುದ್ಧಿಯನ್ನು ಹೊಗಳಿಕೊಳ್ಳಬಹುದು, ಸೋತವರು ಕವಡೆಯನ್ನು ಬೈಯಬಹುದು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ನಡುಮನೆಯನ್ನು ಮುಟ್ಟಿದ ಕಾಯಿ ‘ಹಣ್ಣಾಯಿತು’ ಎಂದು ಹೇಳುವ ಸೊಗಸನ್ನು ಯಾವ ಕವಿಯೂ ಕಲಿಸಲಿಲ್ಲ. ಆಡುವ ಹೆಂಗಸರೂ ಮಕ್ಕಳೂ ತಾವೇ ಕಂಡುಕೊಂಡದ್ದು. ಅತ್ತೆ ಸೊಸೆಯರು ಒಂದೇ ಜಗಲಿಯ ಮೇಲೆ ಎದುರು ಬದುರು ಕುಳಿತು ಒಬ್ಬರ ಕಾಯಿಯನ್ನೊಬ್ಬರು ಕಡಿದು, ಆಮೇಲೆ ಒಟ್ಟಿಗೆ ಒಳಗೆ ಹೋಗಿ ಅಡಿಗೆಗೆ ತೊಡಗುವುದು ಸಾಧ್ಯವಾಗಿದ್ದರೆ ಅದಕ್ಕೆ ಆ ನಾಲ್ಕು ಕವಡೆಗಳು ಹೊತ್ತುಕೊಂಡ ಅಪವಾದವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಪರಮಪದ ಸೋಪಾನದಲ್ಲಿ ಆಡುವವನಿಗೆ ಆಯ್ಕೆಯೆಂಬುದೇ ಇಲ್ಲ. ದಾಳ ಬಿದ್ದಷ್ಟು ನಡೆಯಬೇಕು. ಏಣಿ ಸಿಕ್ಕರೆ ಏರಬೇಕು, ಹಾವು ಸಿಕ್ಕರೆ ಇಳಿಯಬೇಕು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಿದ್ದೆ ತಡೆಯಲು ಆಡುತ್ತಿದ್ದ ಈ ಪಟದಲ್ಲಿ ಪಂಡಿತನೂ ಐದು ವರ್ಷದ ಮಗುವೂ ಸರಿಸಮಾನರು. ಮಕ್ಕಳಿಗೆ ಅದು ಏಕೆ ಪ್ರಿಯವೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹಿರಿಯರನ್ನು ನ್ಯಾಯವಾಗಿ ಸೋಲಿಸಬಹುದಾದ ಸ್ಥಳ ಮಗುವಿಗೆ ಇನ್ನೆಲ್ಲಿದೆ?

ಅಳಗುಳಿ ಮಣೆಯ ಬಗೆ ಮತ್ತೊಂದು. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಹುಣಸೆಬೀಜವೋ ಮಂಜೊಟ್ಟಿಯೋ ತುಂಬಿದ್ದು. ತುಳುನಾಡಿನವರು ಚೆನ್ನೆಮಣೆ ಎನ್ನುತ್ತಾರೆ. ಇಲ್ಲಿಯೂ ಚದುರಂಗದಂತೆಯೇ ದೈವಕ್ಕೆ ಪಾಲಿಲ್ಲ, ಎಲ್ಲವೂ ಕಣ್ಣೆದುರಿಗೇ ಇದೆ. ಆದರೂ ಚದುರಂಗದಲ್ಲಿ ಸೋತು ಕುಗ್ಗುವವರು ಇಲ್ಲಿ ಸೋತು ಕುಗ್ಗುವುದನ್ನು ನಾನು ಕಂಡಿಲ್ಲ. ಬೀಜಗಳು ಕೈಯಿಂದ ಗುಳಿಗೆ ಜಾರುವ ಸದ್ದು, ಬೆರಳಿಗೆ ಹತ್ತುವ ಲಯ, ಬರಿದಾದ ಗುಳಿಯ ಮುಂದಿನದರಲ್ಲಿ ಎಷ್ಟು ಸಿಕ್ಕೀತೆಂಬ ಚಿಕ್ಕ ಚಿಕ್ಕ ಕುತೂಹಲ, ಇವುಗಳಲ್ಲಿ ಸೋಲು ಒಮ್ಮೆಲೇ ಬಂದು ಎರಗುವುದಿಲ್ಲ, ಕಾಳು ಕಾಳಾಗಿ ಬರುತ್ತದೆ. ಅದಕ್ಕೆ ಮನಸ್ಸು ಹದಗೊಂಡಿರುತ್ತದೆ.

ಇಸ್ಪೀಟಿನಲ್ಲಿ ಜೊತೆಗಾರನಿರುವ ಆಟಗಳಿವೆ, ಬ್ರಿಜ್ಜು, ಇಪ್ಪತ್ತೆಂಟು ಮೊದಲಾದವು. ಅಲ್ಲಿ ಸೋಲಿನ ಹೊರೆಯನ್ನು ಇಳಿಸಲು ಎದುರಿಗೇ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಆಟ ಹತ್ತು ನಿಮಿಷ, ‘ನೀವು ಆ ಎಲೆ ಏಕೆ ಇಳಿದಿರಿ?’ ಎಂಬ ವಿಮರ್ಶೆ ಅರ್ಧ ಗಂಟೆ. ಆ ವಿಮರ್ಶೆಯೇ ಕೆಲವರಿಗೆ ಆಟದ ಸಾರ. ಮೂವತ್ತು ವರ್ಷ ಒಂದೇ ಜೊತೆಗಾರನನ್ನು ಬೈಯುತ್ತ, ಅವನನ್ನು ಬಿಟ್ಟು ಇನ್ನೊಬ್ಬನೊಡನೆ ಕೂರಲು ಒಪ್ಪದ ಮಹಾಶಯರು ಪ್ರತಿ ಊರಿನ ಕ್ಲಬ್ಬಿನಲ್ಲಿಯೂ ಇದ್ದಾರೆ.

ಇದೆಲ್ಲ ಬರಿಯ ತರ್ಕವೆಂದು ತೋರದಿರಲಿ ಎಂದು ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಬೀದಿಯ ಒಬ್ಬರು ರಾಯರಿಗೆ ಇಬ್ಬರು ಮಕ್ಕಳು, ಹತ್ತು ವರ್ಷದ ಹುಡುಗ, ಹದಿಮೂರು ವರ್ಷದ ಹುಡುಗಿ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿಯೇ ವಿಶ್ವವಿಜೇತರಾದಾಗ ಅನೇಕ ತಂದೆಗಳಂತೆ ಇವರಿಗೂ ಸ್ಫೂರ್ತಿ ಬಂದಿತು. ಹುಡುಗನನ್ನು ಚದುರಂಗದ ತರಗತಿಗೆ ಸೇರಿಸಿದರು. ಅವನು ಚೆನ್ನಾಗಿಯೇ ಕಲಿತ. ಆದರೆ ಸೋತ ದಿನ ಊಟ ಬಿಡುತ್ತಿದ್ದ. ಆರು ತಿಂಗಳಾಗುವಷ್ಟರಲ್ಲಿ ತರಗತಿಯ ದಿನ ಬೆಳಗ್ಗೆಯೇ ಹೊಟ್ಟೆನೋವೆಂದು ಮಲಗತೊಡಗಿದ. ತರಗತಿ ನಡೆಸುವವರು ‘ಹುಡುಗನಿಗೆ ಗಟ್ಟಿತನ ಸಾಲದು, ಇನ್ನೂ ಹೆಚ್ಚು ಪಂದ್ಯಗಳಿಗೆ ಕಳುಹಿಸಿ’ ಎಂದು ಸಲಹೆ ಕೊಟ್ಟರು. ಬೇಸಿಗೆ ರಜೆಯಲ್ಲಿ ಸೋದರತ್ತೆಯ ಮಕ್ಕಳು ಬಂದಾಗ ಅದೇ ಹುಡುಗ ಜಗಲಿಯಲ್ಲಿ ಚೌಕಾಬಾರಕ್ಕೆ ಕುಳಿತ. ಒಂದು ಮಧ್ಯಾಹ್ನ ಸಾಲಾಗಿ ನಾಲ್ಕು ಆಟ ಸೋತು, ಬಿದ್ದು ಬಿದ್ದು ನಗುತ್ತ, ಐದನೆಯದಕ್ಕೆ ಕವಡೆ ಕೈಗೆತ್ತಿಕೊಂಡದ್ದನ್ನು ನಾನೇ ನೋಡಿದೆ. ‘ಸೋಲುವುದಕ್ಕೆ ಹೆದರುತ್ತಾನೆ ಎಂದಿರಲ್ಲ?’ ಎಂದು ರಾಯರನ್ನು ಕೇಳಿದರೆ, ‘ಅಯ್ಯೋ, ಅದೂ ಒಂದು ಆಟವೆ ಸ್ವಾಮಿ! ಅಲ್ಲಿ ಸೋತರೆಷ್ಟು, ಗೆದ್ದರೆಷ್ಟು?’ ಎಂದರು. ಆ ಹುಡುಗನಿಗೆ ಬೇಕಾಗಿದ್ದುದು ಅದೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಹುಡುಗಿಯ ಕಥೆ ಇದಕ್ಕೆ ವಿರುದ್ಧ. ಅವಳನ್ನು ಯಾರೂ ಚದುರಂಗಕ್ಕೆ ಸೇರಿಸಲಿಲ್ಲ. ತಮ್ಮನ ಹಲಗೆಯ ಪಕ್ಕದಲ್ಲಿ ನಿಂತು ತಾನೇ ಕಲಿತುಕೊಂಡಳು. ಚೌಕಾಬಾರಕ್ಕೆ ಕರೆದರೆ ಮುಖ ಸಿಂಡರಿಸುತ್ತಾಳೆ. ಕಾರಣ ಕೇಳಿದಾಗ, ‘ನಾನು ಎಷ್ಟು ಯೋಚನೆ ಮಾಡಿದರೂ ಕೊನೆಗೆ ಕವಡೆ ಹೇಳಿದ ಹಾಗೆ ಕೇಳಬೇಕಲ್ಲ, ತಾತ?’ ಎಂದಳು. ಹೇಳಿದ ಮಾತನ್ನು ಕೇಳಿ ಕೇಳಿ ಬೇಸತ್ತ ಹದಿಮೂರು ವರ್ಷದ ಹುಡುಗಿಗೆ, ತನ್ನ ಸೋಲಾದರೂ ಪೂರ್ತಿಯಾಗಿ ತನ್ನದೇ ಆಗಿರಲೆಂಬ ಆಸೆ. ಒಂದೇ ತಾಯಿಯ ಇಬ್ಬರು ಮಕ್ಕಳು; ಒಂದೇ ಅನ್ನ ಉಂಡು ಬೆಳೆದವರು. ಹುಡುಗಿಗೆ ತರಗತಿಯ ಯೋಗವಿಲ್ಲ, ಹುಡುಗನಿಗೆ ಅದರಿಂದ ಬಿಡುಗಡೆಯ ಯೋಗವಿಲ್ಲ.

ಚದುರಂಗದಿಂದ ಲೆಕ್ಕ ಚೆನ್ನಾಗಿ ಬರುತ್ತದೆಯಲ್ಲ, ರುಚಿ ಇರಲಿ ಇಲ್ಲದಿರಲಿ, ಔಷಧದಂತೆ ಕುಡಿಸಬಾರದೇಕೆ ಎಂದು ಉಪಾಧ್ಯಾಯ ಮಿತ್ರರು ಆಕ್ಷೇಪಿಸಬಹುದು. ಈ ನಂಬಿಕೆಯನ್ನು ಇಂಗ್ಲೆಂಡಿನಲ್ಲಿ ನೂರು ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಒಂದು ಗುಂಪಿಗೆ ಒಂದು ವರ್ಷ ಚದುರಂಗದ ಪಾಠ, ಇನ್ನೊಂದು ಗುಂಪಿಗೆ ಇಲ್ಲ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಾಠ ಮುಗಿದು ಒಂದು ವರ್ಷದ ಮೇಲೆ ಗಣಿತದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ಅಂತರವೇ ಕಾಣಲಿಲ್ಲ. ಇದರಿಂದ ಚದುರಂಗದ ಘನತೆಗೆ ಕುಂದೇನೂ ಬಾರದು. ಆಟವನ್ನು ಔಷಧವೆಂದು ಮಾರಿದವರ ಮಾತಿಗೆ ಮಾತ್ರ ಕುಂದು. ಸೋಲನ್ನು ಸಹಿಸುವುದನ್ನು ಮಕ್ಕಳು ಕಲಿಯಬೇಡವೆ ಎಂಬುದು ಇನ್ನೊಂದು ಆಕ್ಷೇಪ. ಕಲಿಯಲಿ, ಆದರೆ ಈಜು ಕಲಿಸುವವರು ಮೊದಲ ದಿನವೇ ಮಡುವಿಗೆ ನೂಕುವುದಿಲ್ಲ. ಕವಡೆಯ ಮೇಲೆ ಹೊರೆ ಹಾಕಿ ಸೋಲುವುದನ್ನು ಕಲಿತ ಮಗು ನಾಳೆ ತನ್ನ ಹೊರೆಯನ್ನು ತಾನೇ ಹೊರಬಹುದು. ಹೊರದೆಯೂ ಇರಬಹುದು. ಎಲ್ಲರೂ ಚದುರಂಗದವರೇ ಆಗಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ಆಟಗಳನ್ನು ಕುರಿತು ವಿದ್ವಾಂಸರು ವಿಚಾರಮಾಡದೆ ಇಲ್ಲ. ಡಚ್ ಇತಿಹಾಸಕಾರ ಹ್ಯೂಜಿಂಗಾ 1938ರಲ್ಲಿ ಮನುಷ್ಯನ ಸಂಸ್ಕೃತಿಗೂ ಆಟಕ್ಕೂ ಇರುವ ನಂಟನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನು. ಅವನ ತರುವಾಯ ಫ್ರಾನ್ಸಿನ ರೋಜೆ ಕಯ್ವಾ 1958ರಲ್ಲಿ ಆಟಗಳನ್ನೆಲ್ಲ ನಾಲ್ಕು ಜಾತಿಗಳಾಗಿ ವಿಂಗಡಿಸಿದನು. ಸ್ಪರ್ಧೆಯ ಆಟ, ದೈವದ ಆಟ, ವೇಷದ ಆಟ, ತಲೆಸುತ್ತಿನ ಆಟ. ಮಕ್ಕಳು ಗಿರಗಿರನೆ ತಿರುಗಿ ನೆಲಕ್ಕೆ ಬೀಳುತ್ತಾರಲ್ಲ, ಅದು ನಾಲ್ಕನೆಯದು. ಈ ವಿಂಗಡಣೆ ಚೆನ್ನಾಗಿದೆ, ಕಾಲೇಜಿನಲ್ಲಿ ಪಾಠ ಹೇಳುವುದಕ್ಕೂ ಅನುಕೂಲ. ಆದರೆ ಅದು ಆಟಗಳ ವಿಂಗಡಣೆ, ಆಡುವವರದಲ್ಲ. ಒಂದೇ ಹಲಗೆಯ ಎರಡು ಬದಿಗಳಲ್ಲಿ ಕುಳಿತ ಇಬ್ಬರು ಒಂದೇ ಆಟವನ್ನು ಆಡುತ್ತಿರುತ್ತಾರೆ ಎಂದು ನಂಬುವುದಕ್ಕೆ ಆಧಾರವಿಲ್ಲ. ಒಬ್ಬನಿಗೆ ಎದುರಾಳಿಯನ್ನು ಮಣಿಸಬೇಕಾಗಿರುತ್ತದೆ. ಇನ್ನೊಬ್ಬನಿಗೆ ಸುಂದರವಾದ ಒಂದು ನಡೆಯನ್ನು ಕಂಡರೆ ಸಾಕು, ಅದು ತನ್ನ ವಿರುದ್ಧವೇ ಆದರೂ ಸರಿ.

ಈ ಎರಡನೆಯ ಜಾತಿಯವರಿಗೆ ಒಳ್ಳೆಯ ಉದಾಹರಣೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಚದುರಂಗದ ಕುದುರೆಯೊಂದೇ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಯಲ್ಲಿ ಅವರಿಗೆ ಬಹಳ ಆಸಕ್ತಿ. ಅದರಲ್ಲಿ ಎದುರಾಳಿಯೇ ಇಲ್ಲ. ಸೋಲಿಸುವವನೂ ಇಲ್ಲ, ಸೋಲುವವನೂ ಇಲ್ಲ. ಇದು ಕಾವ್ಯರಸಿಕರಿಗೆ ಹೊಸ ವಿಷಯವಲ್ಲ. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಅಲಂಕಾರಗ್ರಂಥದಲ್ಲಿ ಇದೇ ಕುದುರೆಯ ನಡೆಯನ್ನು ಅಕ್ಷರಗಳಿಗೆ ಹೊಂದಿಸಿ ಚಿತ್ರಬಂಧ ರಚಿಸಿದ್ದಾನೆ. ಕೃಷ್ಣರಾಜರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ಭಾಗಗಳಲ್ಲಿ ಎಂಟು ದೇವತೆಗಳು, ಗ್ರಹಗಳು, ಆಗಮಗಳಿಗೆ ಮೀಸಲು. ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ. ಅಲ್ಲಿ ಹದಿಮೂರು ಬಗೆಯ ಗಂಜೀಫಾ ಕಟ್ಟುಗಳಿವೆ. ಚಿಕ್ಕದರಲ್ಲಿ 36 ಎಲೆ, ದೊಡ್ಡದರಲ್ಲಿ 360. ಒಂದು ಕಟ್ಟು ಎಲ್ಲರಿಗೂ ಸಾಲದೆಂಬುದನ್ನು ಅರಮನೆ ಅರಿತಿತ್ತೆಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. 360 ಎಲೆಗಳನ್ನು ಕೈಯಲ್ಲಿ ಹಿಡಿಯುವ ಬಗೆ ಹೇಗೆಂಬುದು ಬೇರೆ ಮಾತು.

ನಮ್ಮಲ್ಲಿ ಜಗಲಿಯ ಮೇಲಿನ ಆಟಗಳು ಅಳಿಸಿಹೋಗುತ್ತಿದ್ದ ಕಾಲದಲ್ಲಿಯೇ ಜರ್ಮನಿಯಲ್ಲಿ ಜನರು ಸೋಲಿನ ಸ್ವಭಾವವನ್ನು ಕುರಿತು ಹೊಸದಾಗಿ ಚಿಂತಿಸುತ್ತಿದ್ದರು. ಅದಕ್ಕೆ ಮುಂಚೆ ಪಶ್ಚಿಮದ ಮನೆಗಳಲ್ಲಿ ಪ್ರಸಿದ್ಧವಾಗಿದ್ದುದು 1935ರಲ್ಲಿ ಅಮೆರಿಕದಲ್ಲಿ ಅಂಗಡಿಗೆ ಬಂದ ಮೊನಾಪಲಿ. ಎಲಿಜಬೆತ್ ಮ್ಯಾಗಿ ಎಂಬಾಕೆ ಜಮೀನ್ದಾರರ ಅನ್ಯಾಯವನ್ನು ತೋರಿಸಲು ರಚಿಸಿ 1904ರಲ್ಲಿ ಹಕ್ಕುಪತ್ರ ಪಡೆದ ಆಟವೇ ಅದರ ಮೂಲ. ಅದರಲ್ಲಿ ದಿವಾಳಿಯಾದವನು ಆಟದಿಂದ ಹೊರಬೀಳುತ್ತಾನೆ; ಉಳಿದವರು ಮುಗಿಸುವವರೆಗೆ ಒಂದು ಗಂಟೆಯೋ ಎರಡು ಗಂಟೆಯೋ ಗೋಡೆ ನೋಡುತ್ತ ಕೂರಬೇಕು. 1995ರಲ್ಲಿ ಕ್ಲೌಸ್ ಟಾಯ್ಬರ್ ಎಂಬ ಜರ್ಮನ್ ಹಲ್ಲುಕಟ್ಟಿನ ಕುಶಲಕರ್ಮಿ ‘ಕಟಾನ್’ ಎಂಬ ಆಟವನ್ನು ಹೊರತಂದನು. ಒಂದು ದ್ವೀಪದಲ್ಲಿ ಊರು ಕಟ್ಟುವ ಆಟ. ದಾಳ ಯಾರೇ ಹಾಕಲಿ, ಬಿದ್ದ ಸಂಖ್ಯೆಯ ನೆಲದ ಪಕ್ಕದಲ್ಲಿ ಊರಿದ್ದವರಿಗೆಲ್ಲ ಕಟ್ಟಿಗೆಯೋ ಇಟ್ಟಿಗೆಯೋ ಧಾನ್ಯವೋ ದೊರೆಯುತ್ತದೆ. ಕಟ್ಟಿದ ಊರನ್ನು ಯಾರೂ ಸುಡುವಂತಿಲ್ಲ. ಕೊನೆಯವರೆಗೂ ಯಾರೂ ಹೊರಬೀಳುವುದಿಲ್ಲ. ಸೋತವನ ಮುಂದೆಯೂ ತಾನು ಕಟ್ಟಿದ ನಾಲ್ಕು ಮನೆ, ಎರಡು ದಾರಿ ಉಳಿದಿರುತ್ತವೆ. ಆ ಆಟ ದೇಶ ದೇಶಗಳಿಗೆ ಹರಡಿದ್ದರ ಗುಟ್ಟು ಇದರಲ್ಲಿಯೇ ಇದೆಯೆಂದು ನನ್ನ ಅನುಮಾನ. 2008ರಲ್ಲಿ ಅಮೆರಿಕದ ಮ್ಯಾಟ್ ಲೀಕಾಕ್ ರಚಿಸಿದ ‘ಪ್ಯಾಂಡೆಮಿಕ್’ ಇನ್ನೂ ಮುಂದೆ ಹೋಯಿತು. ಆಡುವವರೆಲ್ಲ ಒಂದೇ ಪಕ್ಷ, ಎದುರಿಗೆ ಜಗತ್ತಿನಾದ್ಯಂತ ಹರಡುವ ಸಾಂಕ್ರಾಮಿಕ ರೋಗಗಳು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಇಂತಹ ಆಟಗಳನ್ನು ಬೆಂಗಳೂರಿನ ಕೆಲವು ಕಾಫಿಗೃಹಗಳಲ್ಲಿ ತರುಣರು ಆಡುವುದನ್ನು ಕಂಡಿದ್ದೇನೆ. ಕೂಡಿ ಸೋಲುವುದು ಹಿತವೆಂದು ಎಲ್ಲರೂ ತಿಳಿಯುವರೆಂದಲ್ಲ. ಗುಂಪಿನಲ್ಲಿ ಒಬ್ಬ ಮಾತುಗಾರನಿದ್ದರೆ ಅವನೇ ಎಲ್ಲರ ನಡೆಯನ್ನೂ ನಿರ್ಧರಿಸಿಬಿಡುತ್ತಾನೆ. ಉಳಿದವರು ಅವನ ಕೈಗಳಾಗಿ ಕುಳಿತಿರುತ್ತಾರೆ. ಸಮಿತಿಗಳಲ್ಲಿ ಕೆಲಸಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ವಿಚಾರವೇಕೆ ಎನ್ನುವವರಿದ್ದರೆ ಅವರು ಮಹಾಭಾರತದ ಸಭಾಪರ್ವವನ್ನು ನೆನೆಯಬೇಕು. ಧರ್ಮರಾಯನಿಗೆ ಜೂಜು ಪ್ರಿಯ, ಆದರೆ ಆಡಲು ಬಾರದು. ಇದನ್ನು ಅವನಿಗಿಂತ ಚೆನ್ನಾಗಿ ತಿಳಿದಿದ್ದವನು ಶಕುನಿ. ದುರ್ಯೋಧನನಿಗೆ ಅವನು ಉಪಾಯ ಹೇಳಿಕೊಡುವಾಗ ಮೊದಲು ಎತ್ತುವುದು ಈ ಮಾತನ್ನೇ. ಧರ್ಮರಾಯನ ಶೌರ್ಯವನ್ನಲ್ಲ, ಅವನ ಸೇನೆಯನ್ನಲ್ಲ, ಅವನ ರುಚಿಯನ್ನು ಶಕುನಿ ಅಳೆದಿದ್ದನು. ಮುಂದೆ ವನವಾಸದಲ್ಲಿ ಬೃಹದಶ್ವ ಮುನಿಯು ನಳನ ಕಥೆಯನ್ನು ಹೇಳಿ, ಧರ್ಮರಾಯನಿಗೆ ಅಕ್ಷಹೃದಯವನ್ನು ಉಪದೇಶಿಸುತ್ತಾನೆ. ನಳನೂ ಜೂಜಿನಲ್ಲಿ ರಾಜ್ಯ ಕಳೆದುಕೊಂಡು, ಋತುಪರ್ಣನಿಂದ ಅದೇ ವಿದ್ಯೆಯನ್ನು ಪಡೆದವನು. ಇದಾದ ಮೇಲೆ ನಡೆಯುವುದೇ ಸ್ವಾರಸ್ಯ. ಅಜ್ಞಾತವಾಸಕ್ಕೆ ವೇಷ ಆರಿಸಿಕೊಳ್ಳುವ ಕಾಲ ಬಂದಾಗ, ದಾಳಗಳಿಂದ ಸರ್ವಸ್ವವನ್ನೂ ಕಳೆದುಕೊಂಡಿದ್ದ ಈ ಮಹಾನುಭಾವ ಆರಿಸಿಕೊಂಡದ್ದು ವಿರಾಟರಾಜನೊಡನೆ ಜೂಜಾಡುವ ಕಂಕಭಟ್ಟನ ವೇಷವನ್ನು! ಅಡಿಗೆ ಭೀಮನಿಗೆ, ಕುದುರೆ ನಕುಲನಿಗೆ, ದನ ಸಹದೇವನಿಗೆ. ತನಗೆ ಮಾತ್ರ ದಾಳ. ಆಡುತ್ತಿದ್ದಾಗಲೇ ವಿರಾಟನು ಸಿಟ್ಟಿನಲ್ಲಿ ದಾಳವನ್ನು ಮುಖಕ್ಕೆಸೆದು ರಕ್ತ ಬರಿಸಿದನೆಂಬುದೂ ಕಥೆಯಲ್ಲಿಯೇ ಇದೆ. ಹದಿಮೂರು ವರ್ಷದ ಕಷ್ಟ ಅವನ ಕೌಶಲವನ್ನು ಬದಲಾಯಿಸಿತು, ರುಚಿಯನ್ನು ಬದಲಾಯಿಸಲಿಲ್ಲ. ರುಚಿಯನ್ನು ತಾನು ಅರಿತಿದ್ದರಿಂದ ಎರಡನೆಯ ಬಾರಿ ಅದು ಅವನನ್ನು ಕಾಪಾಡಿತೆಂದು ಹೇಳುವುದು ತಪ್ಪಾಗಲಾರದು.

ಶಕುನಿಯ ವಿದ್ಯೆ ನಷ್ಟವಾಗಿಲ್ಲ. ಈಚಿನ ವರ್ಷಗಳಲ್ಲಿ ಮಣೆಯನ್ನೂ ಇಸ್ಪೀಟನ್ನೂ ಕೈಬೆರಳಿನ ಗಾಜಿನ ಮೇಲೆ ತಂದು, ಹಣವನ್ನಿಟ್ಟು ಆಡಿಸಿದವರು ಬಲ್ಲದ್ದು ಅದನ್ನೇ. ಯಾವನು ಎಷ್ಟು ಸೋಲನ್ನು, ಯಾವ ಬಗೆಯ ಸೋಲನ್ನು, ಎಷ್ಟು ಹೊತ್ತು ಸಹಿಸುತ್ತಾನೆಂಬುದು ಅವರಿಗೆ ಆಡುವವನಿಗಿಂತ ಚೆನ್ನಾಗಿ ಗೊತ್ತು. ಒಂದು ನಿಮಿಷದಲ್ಲಿ ಮುಗಿಯುವ ಸೋಲು, ಯಾರೂ ನೋಡದ ಸೋಲು, ಇನ್ನೇನು ಗೆದ್ದೇಬಿಟ್ಟೆ ಎನ್ನಿಸುವ ಸೋಲು. ಜಗಲಿಯಲ್ಲಾದರೆ ನಾಲ್ಕನೆಯ ಸೋಲಿಗೆ ಅಜ್ಜಿಯಾದರೂ ‘ಸಾಕು, ಏಳಪ್ಪ, ದೀಪ ಹಚ್ಚುವ ಹೊತ್ತಾಯಿತು’ ಎನ್ನುತ್ತಿದ್ದಳು. ನಮ್ಮ ಕಾನೂನು ಬಹುಕಾಲ ಇಲ್ಲಿ ಬೇರೊಂದು ಪ್ರಶ್ನೆಯನ್ನು ಕೇಳುತ್ತಿತ್ತು. ಆಟದಲ್ಲಿ ಹೆಚ್ಚಾಗಿರುವುದು ಕೌಶಲವೋ ಅದೃಷ್ಟವೋ? 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಇಳಿದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಕೈಯನ್ನು ಜೋಡಿಸಬೇಕು, ಇದಕ್ಕೆ ಜಾಣ್ಮೆ ಬೇಕು ಎಂಬುದು ಅದರ ವಿವರಣೆ. ವಿವರಣೆ ಸರಿಯೇ. ಆದರೆ ಮನೆ ಮಾರಿಕೊಂಡವನ ಹೆಂಡತಿಗೆ ಆಟದಲ್ಲಿ ಕೌಶಲವೆಷ್ಟಿತ್ತೆಂಬುದರಿಂದ ಸಮಾಧಾನ ಸಿಕ್ಕುವುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲ ಅದೃಷ್ಟಗಳ ಭೇದವನ್ನೆಣಿಸದೆ ನಿಷೇಧಿಸಿತು. ನಿಷೇಧದಿಂದ ರುಚಿ ಹೋಗುತ್ತದೆಯೆಂದು ನಾನು ನಂಬುವವನಲ್ಲ. ಆದರೆ ಹಳೆಯ ಪ್ರಶ್ನೆಯನ್ನು ಬದಿಗಿಟ್ಟದ್ದು ಒಳ್ಳೆಯದಾಯಿತು.

ಆದುದರಿಂದ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಶಾಲೆಯ ವಾಚನಾಲಯದ ಒಂದು ಮೂಲೆಯಲ್ಲಿ ಚದುರಂಗದ ಹಲಗೆಯ ಜೊತೆಗೆ ಒಂದು ಅಳಗುಳಿ ಮಣೆ, ನಾಲ್ಕು ಕವಡೆ, ಹುಲಿ ಕುರಿ ಆಟದ ಒಂದು ಪಟ ಇರಲಿ. ಇದಕ್ಕೆ ತಗಲುವ ವೆಚ್ಚ ಒಂದು ನಿಘಂಟಿನ ಬೆಲೆಯನ್ನು ಮೀರದು. ಯಾರು ಎಲ್ಲಿ ಕೂರಬೇಕೆಂದು ಅಪ್ಪಣೆ ಮಾಡಬೇಡಿ, ಅಂಕ ಕೊಡಬೇಡಿ, ಬಹುಮಾನವಂತೂ ಬೇಡವೇ ಬೇಡ. ಒಂದು ಅವಧಿ ಸುಮ್ಮನೆ ನೋಡಿ. ಯಾವ ಹುಡುಗ ಮಾತಿಲ್ಲದ ಆಟವನ್ನು ಹುಡುಕುತ್ತಾನೆ, ಯಾವ ಹುಡುಗಿ ದಾಳವನ್ನು ದೂರವಿಡುತ್ತಾಳೆ, ಯಾರು ಗೆಲುವಿಗಿಂತ ಕೂಟವನ್ನು ಬಯಸುತ್ತಾರೆ ಎಂಬುದು ತಾನಾಗಿಯೇ ಕಾಣುತ್ತದೆ. ಕಂಡದ್ದನ್ನು ಮಕ್ಕಳಿಗೂ ಹೇಳಿ. ‘ನಿನಗೆ ಆಟ ಬಾರದು’ ಎನ್ನುವುದಕ್ಕೂ ‘ನಿನಗೆ ಈ ಬಗೆಯ ಸೋಲು ಒಗ್ಗದು, ಅದನ್ನು ಆಡಿ ನೋಡು’ ಎನ್ನುವುದಕ್ಕೂ ಬಹಳ ಅಂತರವಿದೆ. ಈ ವರ್ಷದ ರುಚಿ ಮುಂದಿನ ವರ್ಷ ಹಾಗೆಯೇ ಇರುವುದೆಂದೂ ತಿಳಿಯಬಾರದು. ಯೌವನದಲ್ಲಿ ಚದುರಂಗಕ್ಕಾಗಿ ರಾತ್ರಿಗಳನ್ನು ಕಳೆದವರು ಅರವತ್ತರ ಮೇಲೆ ಮೊಮ್ಮಕ್ಕಳ ಹಾವು ಏಣಿಗೆ ಬಂದು ನಿಂತದ್ದುಂಟು.

ಇಷ್ಟೆಲ್ಲ ಇತರರ ರುಚಿಯನ್ನು ವಿಚಾರಿಸಿದ ಮೇಲೆ ನನ್ನದನ್ನು ಬಚ್ಚಿಡುವುದು ನ್ಯಾಯವಲ್ಲ. ನನ್ನ ಒಲವು ಹುಲಿ ಕುರಿ ಆಟದ ಕಡೆಗೆ. ನಮ್ಮ ಹಳೆಯ ದೇವಸ್ಥಾನಗಳ ಹಾಸುಗಲ್ಲುಗಳ ಮೇಲೆ ಅದರ ಗೆರೆಗಳನ್ನು ಅನೇಕರು ಕಂಡಿರಬಹುದು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗಳಿಗೆ ತಿನ್ನುವ ಬಾಯಿಲ್ಲ. ಒಂದಕ್ಕೊಂದು ಒತ್ತಿ ನಿಂತು ಹುಲಿಗೆ ಕದಲಲು ಸ್ಥಳವಿಲ್ಲದಂತೆ ಮಾಡುವುದೊಂದೇ ಅವುಗಳ ಉಪಾಯ. ನಾನು ಚಿಕ್ಕಂದಿನಿಂದಲೂ ಕುರಿಗಳ ಪಕ್ಷ. ನಾಲ್ಕಾರು ಕುರಿಗಳನ್ನು ಕಳೆದುಕೊಂಡರೂ ಆಟ ಇನ್ನೂ ಉಳಿದಿರುತ್ತದೆ ಎಂಬ ನಿಧಾನ ನನಗೆ ಹಿತ. ಸೋತಾಗಲೂ ಏನೋ ಒಂದು ಗೋಡೆಯನ್ನು ಅರ್ಧ ಕಟ್ಟಿದ ಸಮಾಧಾನವಿರುತ್ತದೆ. ಈ ರುಚಿಯಲ್ಲಿ ಇನ್ನೊಂದು ಅನುಕೂಲವೂ ಉಂಟು. ಜೊತೆಗೆ ಆಡುವವರಿಗಾಗಿ ನಾನು ಎಂದೂ ಅಲೆಯಬೇಕಾಗಿ ಬಂದಿಲ್ಲ. ಹುಲಿ ಹಿಡಿಯಲು ಯಾವ ಊರಿನಲ್ಲಿಯೂ ಯಾರಾದರೊಬ್ಬರು ಸಿಕ್ಕೇ ಸಿಕ್ಕುತ್ತಾರೆ.